ಬಿಸಿಲಿನ ಕರೆಂಟು ಯಾರ ಮಾಡಿಗೆ?
(ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಕಲ್ಲಿದ್ದಲು ಸುಡುವುದನ್ನು ಬಿಟ್ಟು ನೀರು, ಬಿಸಿಲುಗಳಿಂದ ಕರೆಂಟು ಮಾಡಬೇಕೆಂದು ಪಟ್ಟಣಗಳಲ್ಲಿ ಮಾತು ನಡೆದಿದೆ. ತೋಟದ ಲೈನುಮನೆಯವರಾದ ನಮಗೆ ಅದರಿಂದೇನು ಎಂದು ನೀವು ಕೇಳಬಹುದು. ಅದಕ್ಕೇ ಇಂದು ಕೊಲ್ಹಾಪುರ ಜಿಲ್ಲೆಯ ದುಡಿಯುವ ಜನರ ಸಂಗತಿ ಹೇಳುತ್ತೇನೆ. ಅವರಲ್ಲಿ ಕನ್ನಡ ಮಾತಾಡುವವರೂ ಬಹಳ ಮಂದಿ ಇದ್ದಾರೆ.

ನೀರಿನ ಕರೆಂಟು ಆ ಸೀಮೆಗೆ ಹೊಸದಲ್ಲ. ಶಾಹೂ ಮಹಾರಾಜರು ಆರಂಭಿಸಿದ ರಾಧಾನಗರಿ ಅಣೆಕಟ್ಟಿನಲ್ಲಿ ವಿದ್ಯುತ್ತು ತಯಾರಾಗುತ್ತದೆ. ಸಾತಾರಾ ಜಿಲ್ಲೆಯ ಕೊಯ್ನಾ ಯೋಜನೆ 1960 ಮೆಗಾವಾಟ್‌ನದು. ಅದಕ್ಕೆ ಹೊಗೆಯಿಲ್ಲ, ನಿಜ. ಆದರೆ ಅಲ್ಲಿ ಊರು ಮುಳುಗಿ ಎದ್ದುಹೋದವರು ಪುನರ್ವಸತಿಗಾಗಿ ದಶಕಗಟ್ಟಲೆ ಕಾದರು. ಹೊಗೆಯಿಲ್ಲದ ಕರೆಂಟಿನಲ್ಲಿಯೂ ಬಡವನ ಕಣ್ಣೀರು ಇರಬಹುದು. ಇದನ್ನು ಮರೆಯಬಾರದು.

ಇನ್ನು ಗಡಹಿಂಗ್ಲಜದ ಕಡೆ ನೋಡಿ. ಅದು ಕಬ್ಬಿನ ಸೀಮೆ. ಒಂದು ಟನ್ ಕಬ್ಬು ಅರೆದರೆ ಸುಮಾರು 250ರಿಂದ 300 ಕಿಲೋ ಸಿಪ್ಪೆ ಉಳಿಯುತ್ತದೆ. ಜಿಲ್ಲೆಯ ಹಲವು ಸಕ್ಕರೆ ಕಾರ್ಖಾನೆಗಳು ಆ ಸಿಪ್ಪೆಯನ್ನೇ ಉರಿಸಿ, ತಮಗೆ ಬೇಕಾದಷ್ಟು ವಿದ್ಯುತ್ತು ಮಾಡಿಕೊಂಡು ಮಿಕ್ಕಿದ್ದನ್ನು ಮಾರುತ್ತವೆ.

ಇಚಲಕರಂಜಿಯ ಮಾತು ಬೇರೆ. 1904ರಲ್ಲಿ ಅಲ್ಲಿಗೆ ಮೊದಲ ಯಂತ್ರಮಗ್ಗ ಬಂತು. ಇಂದು ಹಗಲೂ ರಾತ್ರಿ ಮಗ್ಗದ ಸದ್ದೇ ಸದ್ದು. ಮಾಡಿನ ಮೇಲಿನ ಸೌರಫಲಕ ಹಗಲು ಮಗ್ಗ ನಡೆಸೀತು. ರಾತ್ರಿ ಪಾಳಿಗೆ ಹೊರಗಿನ ಕರೆಂಟೇ ಬೇಕು. ಮಹಾರಾಷ್ಟ್ರದಲ್ಲಿ ಆ ಕರೆಂಟಿನ ಹೆಚ್ಚಿನ ಪಾಲು ಇಂದಿಗೂ ಕಲ್ಲಿದ್ದಲಿನದು. ನೂಲಿಗೆ ಗಂಜಿ ಹಾಕುವ ಸೈಜಿಂಗಿನಲ್ಲಿ ಬಾಯ್ಲರಿನ ಉಗಿ ಬೇಕು. ಅದಕ್ಕೆ ಕಲ್ಲಿದ್ದಲನ್ನೋ ಸೌದೆಯನ್ನೋ ಉರಿಸುತ್ತಾರೆ. ನಾಳೆ ಆ ಬಾಯ್ಲರು ಬದಲಾದರೆ ಅದರ ಮುಂದೆ ಬೆವರು ಸುರಿಸಿದವನ ಗತಿಯೇನು? ಮಗ್ಗದವನಿಗೆ ನೇಯ್ದಷ್ಟೇ ಕೂಲಿ. ಕರೆಂಟು ಹೋದರೆ ಕೂಲಿಯೂ ಹೋಯಿತು. ಮಾಲೀಕನ ಬಿಲ್ಲು ಇಳಿದರೆ ಇವನ ಕೂಲಿ ಏರುತ್ತದೆಯೇ?

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸೂರ್ಯ ಘರ್ ಯೋಜನೆ ತಂದಿತು. ಮನೆಯ ಮೇಲೆ ಫಲಕ ಹಾಕಿಸಿದರೆ 78,000 ರೂಪಾಯಿವರೆಗೆ ಸಹಾಯಧನ. ಒಳ್ಳೆಯದೇ. ಆದರೆ ಸ್ವಂತ ಮಾಡು ಇದ್ದವನಿಗೆ ಅದು ಸುಲಭ. ಇಚಲಕರಂಜಿಯ ಬಾಡಿಗೆ ಖೋಲಿಯವನಿಗೆ ಮಾಡು ಎಲ್ಲಿದೆ? ನಮ್ಮ ಲೈನುಮನೆಯ ಮಾಡು ಯಾರದು? ತೋಟದ ಧಣಿಯದು. ಅವರ ಪ್ರಶ್ನೆಯೂ ನಮ್ಮ ಪ್ರಶ್ನೆಯೂ ಒಂದೇ ಎಂದು ಈಗ ತಿಳಿಯಿತಲ್ಲವೇ?

2015ರ ಪ್ಯಾರಿಸ್ ಒಪ್ಪಂದದಲ್ಲಿ, ಈ ಬದಲಾವಣೆ ಕಾರ್ಮಿಕರಿಗೆ ನ್ಯಾಯವಾಗಿರಬೇಕು, ಯೋಗ್ಯ ಕೆಲಸ ಹುಟ್ಟಬೇಕು ಎಂಬ ಮಾತನ್ನು ದೇಶಗಳು ಒಪ್ಪಿವೆ. ಕಾಗದದ ಮಾತು ಕೇಳುವವರಿಲ್ಲದಿದ್ದರೆ ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಮುಂದಿನ ಸಂಘದ ಸಭೆಯಲ್ಲಿ ಮೂರು ಮಾತು ಕೇಳೋಣ. ಹೊಸ ಯಂತ್ರ ಬರುವ ಮೊದಲೇ ಹಳೆಯ ಕೆಲಸಗಾರನಿಗೆ ತರಬೇತಿ ಕೊಡಿ. ಉಳಿದ ಖರ್ಚಿನಲ್ಲಿ ಕೂಲಿಗೂ ಪಾಲಿರಲಿ. ತೋಟದ ಬಂಗಲೆಗೆ ಬಿಸಿಲಿನ ದೀಪ ಬರುವ ದಿನ ಲೈನುಮನೆಗೂ ಬರಲಿ.

ದೇವರು ಬಿಸಿಲನ್ನು ಬಂಗಲೆಗೂ ಲೈನಿಗೂ ಒಂದೇ ಸಮ ಕೊಟ್ಟಿದ್ದಾನೆ. ಹಂಚಿಕೆಯಲ್ಲಿ ಭೇದ ಮಾಡುವವರು ನಾವೇ.