ಯಾರು ಅಟ್ಟಿಸಿಕೊಂಡು ಬರುತ್ತಿದ್ದಾರೆ?

(ಶಿವಮೊಗ್ಗದ ರವೀಂದ್ರನಗರದಲ್ಲಿ ಸೇರಿದ್ದ ಸ್ವಸಹಾಯ ಸಂಘಗಳ ಸಭೆಯಲ್ಲಿ ಸದಸ್ಯೆಯೊಬ್ಬರು ಆಡಿದ ಮಾತುಗಳ ಬರಹರೂಪ)



ಸಾಲ, ಬಡ್ಡಿ, ಬ್ಯಾಂಕಿನ ಲೆಕ್ಕ ಎಲ್ಲ ಮುಗಿದ ಮೇಲೆ ಓಟದ ವಿಷಯ ಹೇಳಬೇಕು ಅಂತ ನಮ್ಮ ಅಧ್ಯಕ್ಷರು ನನ್ನನ್ನು ನಿಲ್ಲಿಸಿದ್ದಾರೆ. ನಾನು ಓಟಗಾರ್ತಿ ಅಲ್ಲ. ವಯಸ್ಸು 43, ಮನೆಯಲ್ಲೇ ಹೊಲಿಗೆ ಕೆಲಸ, ಎರಡು ಮಕ್ಕಳು. ಶಾಲೆ ಬಿಟ್ಟ ಮೇಲೆ ನಾನು ಓಡಿದ್ದು ಬಸ್ಸಿನ ಹಿಂದೆ ಮಾತ್ರ. ಅಂಥವಳು ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಲ್ಲಿ ಓಡಿ ಬಂದೆ. ಸಾವಿರಾರು ಜನ ಸೇರುವ ಓಟ ಅದು. 2008ರಿಂದ ನಡೆಯುತ್ತಿದೆ. ಗೆದ್ದ ಗಂಡಸಿಗೂ ಗೆದ್ದ ಹೆಂಗಸಿಗೂ ಅಲ್ಲಿ ಸಮನಾದ ಬಹುಮಾನ. ಹೊಲದಲ್ಲಿ, ಗಾರೆ ಕೆಲಸದಲ್ಲಿ ನಮಗೆ ಇನ್ನೂ ಸಿಗದ ಸಮಾನ ಕೂಲಿ ಓಟದ ರಸ್ತೆಯಲ್ಲಿ ಸಿಗುತ್ತದೆ ನೋಡಿ!

ಬೆಳಿಗ್ಗೆ ಐದೂವರೆಗೆ ನಾನು ಶೂ ಹಾಕಿಕೊಂಡು ಹೊರಟ ಮೊದಲನೇ ದಿನ ನಮ್ಮತ್ತೆ ಕೇಳಿದರು: "ಯಾರು ಅಟ್ಟಿಸ್ಕೊಂಡು ಬರ್ತಾ ಇದಾರೆ ಅಂತ ಓಡ್ತೀಯೇ?" ನನಗೆ ನಗು ಬಂತು. ಆದರೆ ಆ ಪ್ರಶ್ನೆ ತಮಾಷೆಯದಲ್ಲ. ಹೆಂಗಸು ಓಡಬೇಕಾದರೆ ಒಂದು ಕಾರಣ ಬೇಕು. ಮಗುವಿಗೆ ಜ್ವರ ಬಂದರೆ ಓಡಬಹುದು, ನೀರಿನ ಟ್ಯಾಂಕರ್ ಬಂದರೆ ಓಡಬಹುದು. ಸುಮ್ಮನೆ ತನಗೋಸ್ಕರ ಓಡುತ್ತೇನೆ ಅಂದರೆ ಯಾರಿಗೂ ಅರ್ಥ ಆಗುವುದಿಲ್ಲ.

ಬಾರಾಮತಿಯ ಲತಾ ಕರೆ ಅವರ ಕಥೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅರವತ್ತು ದಾಟಿದ ಕೂಲಿ ಹೆಂಗಸು. ಗಂಡನ ಚಿಕಿತ್ಸೆಗೆ ದುಡ್ಡು ಬೇಕಾಗಿ, ಸೀರೆ ಉಟ್ಟು ಬರಿಗಾಲಲ್ಲಿ ಸ್ಪರ್ಧೆಯಲ್ಲಿ ಓಡಿ ಗೆದ್ದರು. 2020ರಲ್ಲಿ ಅವರ ಮೇಲೆ ಮರಾಠಿ ಸಿನಿಮಾ ಬಂತು, ಅದರಲ್ಲಿ ಅವರೇ ನಟಿಸಿದ್ದಾರೆ. ಆ ತಾಯಿಗೆ ಕೈಮುಗಿಯುತ್ತೇನೆ. ಆದರೆ ಜನ ಚಪ್ಪಾಳೆ ತಟ್ಟುವಾಗ ನನಗೆ ಕಸಿವಿಸಿ ಆಗುತ್ತದೆ. ಗಂಡನಿಗಾಗಿ ಓಡಿದ್ದಕ್ಕೆ ಅಷ್ಟು ಚಪ್ಪಾಳೆ. ಬರೀ ಓಡಬೇಕು ಅನ್ನಿಸಿ ಓಡಿದ್ದರೆ?

ನಮ್ಮ ದೇಶದ ಮಾತು ಮಾತ್ರ ಅಲ್ಲ ಇದು. 1928ರ ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮೊದಲ ಸಲ 800 ಮೀಟರ್ ಓಟ ಇಟ್ಟರು. ಮುಗಿಸಿದವರು ಸುಸ್ತಾಗಿ ಕುಸಿದರು ಅಂತ ಪತ್ರಿಕೆಗಳು ಬೊಬ್ಬೆ ಹಾಕಿದವು. ಓಡಿ ಸುಸ್ತಾಗದವರು ಯಾರಿದ್ದಾರೆ? ಆ ನೆಪದಲ್ಲಿ 1960ರವರೆಗೆ ಆ ಓಟವನ್ನೇ ತೆಗೆದುಬಿಟ್ಟರು. 1967ರಲ್ಲಿ ಅಮೆರಿಕದ ಬೋಸ್ಟನ್ ಮ್ಯಾರಥಾನ್‌ನಲ್ಲಿ ಕ್ಯಾಥರಿನ್ ಸ್ವಿಟ್ಜರ್ ಎಂಬ ಯುವತಿ ಓಡುತ್ತಿದ್ದಾಗ ಆಯೋಜಕರಲ್ಲೊಬ್ಬ ಹಿಂದಿನಿಂದ ಬಂದು ಅವಳ ಮೈಮೇಲಿನ ನಂಬರು ಕಿತ್ತುಕೊಳ್ಳಲು ನೋಡಿದ. ಅವಳು ನಿಲ್ಲಲಿಲ್ಲ, 42 ಕಿಲೋಮೀಟರ್ ಮುಗಿಸಿದಳು. ಅಲ್ಲಿ ಹೆಂಗಸರಿಗೆ ಅಧಿಕೃತವಾಗಿ ಅವಕಾಶ ಸಿಕ್ಕಿದ್ದು 1972ರಲ್ಲಿ. ಒಲಿಂಪಿಕ್ಸ್‌ನಲ್ಲಿ ಹೆಂಗಸರ ಮ್ಯಾರಥಾನ್ ಶುರುವಾಗಿದ್ದು 1984ರಲ್ಲಿ, ನಮ್ಮ ಪಿ.ಟಿ. ಉಷಾಗೆ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಪದಕ ತಪ್ಪಿತಲ್ಲ, ಅದೇ ಲಾಸ್ ಏಂಜಲೀಸ್‌ನಲ್ಲಿ.

ಇನ್ನು ನಾವು ತಯಾರಾದ ಬಗೆ. ಏಳು ಜನ ಹೆಸರು ಕೊಟ್ಟೆವು. ಮೊದಲು ರಕ್ತ ಪರೀಕ್ಷೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ. ನಮ್ಮ ಏಳು ಜನರಲ್ಲಿ ಮೂವರಿಗೆ ಇತ್ತು. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟು, ಅಷ್ಟು ದಿನ ಬರೀ ನಡೆಯಿರಿ ಅಂದರು. ಮೆಟ್ಟಿಲು ಹತ್ತಿದರೆ ಏದುಸಿರು ಬರುವುದನ್ನು ವಯಸ್ಸು ಅಂದುಕೊಂಡಿದ್ದವರಿಗೆ ಅದು ರಕ್ತ ಕಮ್ಮಿ ಇರುವುದು ಅಂತ ಗೊತ್ತಾಗಿದ್ದು ಆಗಲೇ.

ನೆಹರೂ ಕ್ರೀಡಾಂಗಣದ ಒಂದು ಸುತ್ತು 400 ಮೀಟರ್. ಹತ್ತು ಕಿಲೋಮೀಟರಿಗೆ 25 ಸುತ್ತು. ಮೊದಲನೇ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ವಾರಕ್ಕೆ ಮೂರು ದಿನ, ಹನ್ನೆರಡು ವಾರ. ಪಕ್ಕದವಳ ಜೊತೆ ಮಾತಾಡುತ್ತಾ ಓಡಲು ಆದರೆ ವೇಗ ಸರಿ ಇದೆ, ಮಾತು ನಿಂತರೆ ನಿಧಾನ ಮಾಡಬೇಕು. ಕೊನೆಗೆ ಎಂಟು ಕಿಲೋಮೀಟರ್ ಆಗುತ್ತಿತ್ತು. ಚೂಡಿದಾರದಲ್ಲೇ ಓಡಿದೆವು, ದುಪಟ್ಟಾ ಮನೆಯಲ್ಲಿ. ಒಳಗಿನ ಬಟ್ಟೆ ಬಿಗಿಯಾಗಿರಬೇಕು. ತೊಡೆ ಉಜ್ಜಿ ಉರಿಯುವವರು ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಮುಟ್ಟಿನ ದಿನ ಓಡಬಾರದು ಅಂತೇನಿಲ್ಲ, ಆಗದಿದ್ದರೆ ಬಿಡಿ. ಶೂ ಹೊಸದಾಗಿ ಸ್ಪರ್ಧೆಯ ದಿನ ಹಾಕಬೇಡಿ. ನಾಯಿಗಳ ಕಾಟಕ್ಕೆ ಮತ್ತು ಮಾತಾಡಿಸುವ ಗಂಡಸರ ಕಾಟಕ್ಕೆ ಔಷಧ ಒಂದೇ: ಗುಂಪಾಗಿ ಹೋಗುವುದು.

ಇವೆಲ್ಲ ಸುಲಭ. ಕಷ್ಟವಾಗಿದ್ದು ಆ ಒಂದು ಗಂಟೆ. ಬೆಳಗಿನ ಆ ಗಂಟೆಯಲ್ಲಿ ಹಾಲು, ತಿಂಡಿ, ಡಬ್ಬಿ, ನೀರು ಎಲ್ಲ ಇವೆ. ಎರಡನೇ ವಾರದಿಂದ ನಮ್ಮ ಮನೆಯವರೇ ಒಲೆ ಹಚ್ಚಿ ಕಾಫಿಗೆ ಇಡೋಕೆ ಶುರು ಮಾಡಿದರು. ಎಲ್ಲರ ಮನೆಯಲ್ಲೂ ಹೀಗಾಗಲಿಲ್ಲ.

ಒಂದು ವಿಷಯ ಹೇಳಬೇಕು. ಸಂಘದ ಸಭೆಯಲ್ಲಿ ನಾವು ಎದುರುಬದುರು ಕೂರುತ್ತೇವೆ. ಎಷ್ಟೋ ಮಾತು ಅಲ್ಲಿ ಹೊರಗೆ ಬರುವುದಿಲ್ಲ. ಕತ್ತಲು ಇನ್ನೂ ಪೂರ್ತಿ ಹರಿದಿಲ್ಲ, ಮುಖ ಮುಂದಕ್ಕೆ, ಪಕ್ಕದಲ್ಲಿ ಹೆಜ್ಜೆ ಹಾಕುತ್ತಾ ಇದ್ದರೆ ಬಾಯಿ ತಾನಾಗಿ ಬಿಚ್ಚುತ್ತದೆ. ನಾಲ್ಕು ವರ್ಷ ನಮ್ಮ ಸಂಘದಲ್ಲಿದ್ದು ಒಂದು ದಿನವೂ ಏನೂ ಹೇಳದಿದ್ದ ತಂಗಿಯೊಬ್ಬಳು ಆರನೇ ವಾರ, ಹನ್ನೊಂದನೇ ಸುತ್ತಿನಲ್ಲಿ, ಮನೆಯಲ್ಲಿ ಏನು ನಡೆಯುತ್ತದೆ ಅಂತ ಹೇಳಿದಳು. ಹೊಡೆತ ಇರಲಿಲ್ಲ. ದುಡಿದ ದುಡ್ಡು ಕಿತ್ತುಕೊಳ್ಳುವುದು, ತವರಿಗೆ ಫೋನ್ ಮಾಡಲು ಬಿಡದಿರುವುದು, ದಿನಾ ಬೈಗುಳ. ಹೊಡೆಯದಿದ್ದರೆ ಕೇಸಿಲ್ಲ ಅಂತ ಅವಳು ತಿಳಿದಿದ್ದಳು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಬೈಗುಳ, ಮಾನಸಿಕ ಹಿಂಸೆ, ದುಡ್ಡು ಕಿತ್ತುಕೊಳ್ಳುವುದು ಎಲ್ಲವೂ ದೌರ್ಜನ್ಯವೇ. 181 ನಂಬರು ಕೊಟ್ಟೆವು, ಸಾಂತ್ವನ ಕೇಂದ್ರಕ್ಕೆ ಜೊತೆಯಲ್ಲಿ ಹೋಗಿಬಂದೆವು. ಮುಂದಿನದು ಅವಳ ತೀರ್ಮಾನ. ಅವಳನ್ನು ನಾವು ತಳ್ಳುತ್ತಿಲ್ಲ.

ಹೊರಡುವ ದಿನ ಅವಳ ಶೂ ಬಚ್ಚಿಟ್ಟಿದ್ದರು. ಬಾಗಿಲಿಗೆ ಬಂದ ನಮ್ಮನ್ನು ಒಳಗೆ ಕರೆಯಲೂ ಬಿಡಲಿಲ್ಲ. ಆರೇ ಜನ ಹೋದೆವು, ಶಕ್ತಿ ಯೋಜನೆಯ ಉಚಿತ ಟಿಕೆಟ್ಟಿನಲ್ಲಿ ರಾತ್ರಿ ಬಸ್ಸು.

ಓಟದ ಬಗ್ಗೆ ಹೇಳುವುದು ಕಡಿಮೆ. ಎದೆ ಮೇಲೆ ನಂಬರು, ಅದರೊಳಗೆ ಸಮಯ ಲೆಕ್ಕ ಹಾಕುವ ಚಿಪ್ಪು. ಅರ್ಜಿಯಲ್ಲಿ ತುರ್ತಿಗೆ ಯಾರಿಗೆ ತಿಳಿಸಬೇಕು ಅಂತ ಇದ್ದ ಕಡೆ ನಾವು ಒಬ್ಬರ ಹೆಸರು ಒಬ್ಬರು ಬರೆದಿದ್ದೆವು. ಶುರುವಿನಲ್ಲಿ ಎಲ್ಲರೂ ನಮ್ಮನ್ನು ದಾಟಿ ಹೋದರು. ಹೋಗಲಿ ಅಂತ ಬಿಟ್ಟೆವು. ಏರು ಬಂದಾಗ ನಡೆದೆವು. ಏಳನೇ ಕಿಲೋಮೀಟರಿನಲ್ಲಿ ಕಾಲು ಮರದ ಕೊರಡಾಯಿತು. ಗುರುತು ಪರಿಚಯವಿಲ್ಲದ ಒಬ್ಬಾಕೆ, ನನಗಿಂತ ದೊಡ್ಡವರು, "ಬನ್ನಿ ಅಕ್ಕಾ" ಅಂತ ಕರೆದು ಮುಂದೆ ಹೋದರು. 1 ಗಂಟೆ 29 ನಿಮಿಷದಲ್ಲಿ ಮುಗಿಸಿದೆ. 2022ರಲ್ಲಿ ಕೀನ್ಯಾದ ಐರಿನ್ ಚೆಪ್ಟಾಯ್ ಇದೇ ಸ್ಪರ್ಧೆಯನ್ನು 30 ನಿಮಿಷ 35 ಸೆಕೆಂಡಿನಲ್ಲಿ ಗೆದ್ದಿದ್ದಾರೆ. ಅಷ್ಟು ಹೊತ್ತಿಗೆ ನಾನು ಮೂರೂವರೆ ಕಿಲೋಮೀಟರ್ ಕೂಡ ಮುಟ್ಟಿರಲಿಲ್ಲ. ಬೇಜಾರೇನೂ ಆಗಲಿಲ್ಲ.

ಊರಿಗೆ ಬಂದ ಮುಂದಿನ ಭಾನುವಾರ ಆ ತಂಗಿ ಚಪ್ಪಲಿಯಲ್ಲೇ ಕ್ರೀಡಾಂಗಣಕ್ಕೆ ಬಂದಳು. ನನ್ನ ಶೂ ಅವಳಿಗೆ ಆಯಿತು. ನಾವು ಆರು ಜನ ಕಟ್ಟೆಯ ಮೇಲೆ ಕೂತು ಒಂದೊಂದು ಸುತ್ತಿಗೆ ಒಂದೊಂದು ಹುಣಸೆ ಬೀಜ ಇಡುತ್ತಾ ಹೋದೆವು. 25 ಬೀಜ, 1 ಗಂಟೆ 21 ನಿಮಿಷ. ನಮ್ಮೆಲ್ಲರಿಗಿಂತ ಬೇಗ. ಸಂಘದ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದ್ದೇವೆ.

ಬರುವ ಸೋಮವಾರದಿಂದ ಹೊಸ ಗುಂಪು ಶುರು, ಬೆಳಿಗ್ಗೆ ಐದೂವರೆಗೆ. ಬರುವವರು ಸಭೆ ಮುಗಿದ ಮೇಲೆ ಹೆಸರು ಕೊಡಿ, ರಕ್ತ ಪರೀಕ್ಷೆಯ ಚೀಟಿ ಜೊತೆಗಿರಲಿ.