ಮಕರಕ್ಕೆ ಸೊಂಡಿಲು ಇಟ್ಟವರು



ಯಂತ್ರಕಲಿಕೆಯ ನೆರವಿನಿಂದ ಕಾಲ್ಪನಿಕ ಮೃಗಗಳ ಚಿತ್ರ ಬರೆಯುವುದು ಈ ವಿಚಾರ ಸಂಕಿರಣದ ವಿಷಯ. ಇಡೀ ಕ್ಷೇತ್ರದ ಸಮೀಕ್ಷೆಗೆ ನಾನು ಹೋಗುವುದಿಲ್ಲ. ಒಂದು ಪ್ರಯೋಗವನ್ನು ಹತ್ತಿರದಿಂದ ನೋಡಿದರೆ ನಾವು ಚರ್ಚಿಸಬೇಕಾದದ್ದು ತಾನಾಗಿ ಎದುರು ಬರುತ್ತದೆ.

2020ರ ನವೆಂಬರಿನಲ್ಲಿ ಗೂಗಲ್ ಸಂಶೋಧಕರು ‘ಕೈಮೆರಾ ಪೇಂಟರ್’ ಎಂಬ ಸಾಧನವನ್ನು ಪ್ರಕಟಿಸಿದರು. ಅದರ ಹಿಂದೆ ಇದ್ದದ್ದು ಒಂದು ಡಿಜಿಟಲ್ ಕಾರ್ಡ್ ಆಟದ ಕಲ್ಪನೆ: ಆಟಗಾರರು ಪ್ರಾಣಿಗಳನ್ನು ಒಂದಕ್ಕೊಂದು ಬೆಸೆದು ಹೊಸ ಮೃಗಗಳನ್ನು ಹುಟ್ಟಿಸಿ ಕಾದಾಟಕ್ಕೆ ಬಿಡಬೇಕು. ಹಾಗೆ ಹುಟ್ಟುವ ಲೆಕ್ಕವಿಲ್ಲದಷ್ಟು ರೂಪಗಳನ್ನು ಬರೆದು ಮುಗಿಸುವುದು ಯಾವ ಕಲಾತಂಡಕ್ಕೂ ಆಗದ ಮಾತು.

ಇಲ್ಲದ ಪ್ರಾಣಿಯ ಫೋಟೊ ಎಲ್ಲಿಂದ ತರುವುದು? ಆದ್ದರಿಂದ ಕಲಾವಿದರೇ ಮೃಗಗಳ ಮೂರು ಆಯಾಮದ ಮಾದರಿಗಳನ್ನು ಕಟ್ಟಿದರು. ಉಗುರಿಗೊಂದು ಬಣ್ಣ, ಮೂತಿಗೊಂದು, ಕಾಲಿಗೊಂದು, ಹೀಗೆ ಒಂದೊಂದು ಅಂಗಕ್ಕೂ ಗುರುತು ಹಾಕಿದರು. ಅನ್‌ರಿಯಲ್ ಎಂಜಿನ್‌ನಲ್ಲಿ ಭಂಗಿ, ಕೋನ, ದೂರ ಬದಲಿಸುತ್ತ ಒಂದೊಂದು ಮೃಗಕ್ಕೂ ಹತ್ತು ಸಾವಿರಕ್ಕೂ ಹೆಚ್ಚು ಜೋಡಿ ಚಿತ್ರಗಳನ್ನು ತೆಗೆದರು. ಜೋಡಿಯಲ್ಲಿ ಒಂದು ಪೂರ್ಣ ಚಿತ್ರ, ಇನ್ನೊಂದು ಅದರದೇ ಅಂಗನಕ್ಷೆ. ಇವನ್ನು ಕಲಿತದ್ದು ಗ್ಯಾನ್ ಮಾದರಿಯ ಜಾಲ. ಇಯಾನ್ ಗುಡ್‌ಫೆಲೋ ಮತ್ತು ಸಂಗಡಿಗರು 2014ರಲ್ಲಿ ಮುಂದಿಟ್ಟ ಈ ವಿಧಾನದಲ್ಲಿ ಒಂದು ಜಾಲ ಚಿತ್ರ ಬರೆಯುತ್ತದೆ, ಇನ್ನೊಂದು ಅದು ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುತ್ತದೆ.

ಕಲಿತ ಮೇಲೆ ಕೆಲಸ ಹೀಗೆ ಸಾಗುತ್ತದೆ. ಕಲಾವಿದೆ ಖಾಲಿ ಹಾಳೆಯ ಮೇಲೆ ಚಪ್ಪಟೆ ಬಣ್ಣದ ತೇಪೆಗಳನ್ನು ಹಚ್ಚುತ್ತಾಳೆ: ಇಲ್ಲಿ ರೆಕ್ಕೆ, ಇಲ್ಲಿ ಪಂಜ, ಇಲ್ಲಿ ಕಣ್ಣು. ಯಂತ್ರ ಅದರ ಮೇಲೆ ತುಪ್ಪಳ, ಮಾಂಸಖಂಡ, ನೆರಳು ತುಂಬುತ್ತದೆ. ರೆಕ್ಕೆ ಎಲ್ಲಿಂದ ಹೊರಡಬೇಕು ಎಂಬ ತೀರ್ಮಾನ ಮಾತ್ರ ಅವಳದೇ.

ಆ ತೀರ್ಮಾನ ಸಣ್ಣದಲ್ಲ. ಹಕ್ಕಿಯಲ್ಲಾಗಲಿ ಬಾವಲಿಯಲ್ಲಾಗಲಿ ರೆಕ್ಕೆ ಎಂದರೆ ಮುಂಗಾಲೇ. ನಾಲ್ಕು ಕಾಲಿನ ಸಿಂಹಕ್ಕೆ ರೆಕ್ಕೆ ಕೊಟ್ಟರೆ ಅದು ಆರು ಅವಯವಗಳ ಜೀವಿಯಾಯಿತು. ಅದಕ್ಕೆ ಇನ್ನೊಂದು ಜೊತೆ ಹೆಗಲೆಲುಬು ಬೇಕು, ರೆಕ್ಕೆ ಬಡಿಯಲು ಎದೆಯ ಸ್ನಾಯು ಬೇಕು. ಬರೀ ಮಾತಿನ ಸೂಚನೆ ಕೊಟ್ಟು ತೆಗೆಸಿದ ಎಷ್ಟೋ ಚಿತ್ರಗಳಲ್ಲಿ ರೆಕ್ಕೆ ಕೇಸರದೊಳಗೆಲ್ಲೋ ಮರೆಯಾಗಿರುತ್ತದೆ. ನೋಡಲು ಚೆಂದ. ಅದನ್ನು ನಡೆಸಿ ಹಾರಿಸಬೇಕಾದ ಅನಿಮೇಟರ್‌ಗೆ ಹಿಡಿಯಲು ಕೀಲೇ ಸಿಗುವುದಿಲ್ಲ.

ನಮ್ಮ ಶಿಲ್ಪಿಗಳಿಗೆ ಈ ಕೀಲು ಚೆನ್ನಾಗಿ ಗೊತ್ತಿತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಹಂಸಗಳ ಸಾಲಿಗೆ ಒತ್ತಿಕೊಂಡು ಮಕರಗಳ ಸಾಲಿದೆ. ಆನೆಯ ಸೊಂಡಿಲು ಮೊಸಳೆಯ ದವಡೆಯಿಂದ ಏಳುವ ಜಾಗವನ್ನೊಮ್ಮೆ ದಿಟ್ಟಿಸಿ ನೋಡಿ. ಬೆಸುಗೆ ಕಾಣುವುದಿಲ್ಲ, ಭಾರ ಮಾತ್ರ ಕಾಣುತ್ತದೆ. ಬಾಲ ಹೂಬಳ್ಳಿಯಂತೆ ಸುರುಳಿಯಾದರೂ ಮೈಯ ತೂಕ ಕಾಲಿನ ಮೇಲೇ ನಿಂತಿದೆ.

ಯಂತ್ರದ ಕಡೆಗೆ ಮರಳೋಣ. 2022ರ ಆಗಸ್ಟಿನಲ್ಲಿ, ಮಾತಿನ ಸೂಚನೆಯಿಂದ ಚಿತ್ರ ಬರೆಯುವ ಸ್ಟೇಬಲ್ ಡಿಫ್ಯೂಷನ್ ಬಂತು. ಚಿತ್ರಗಳ ಗುಣಮಟ್ಟ ಒಮ್ಮೆಲೇ ಮೇಲೇರಿತು. ಆದರೆ ಕಲಿಕೆಯ ಸಾಮಗ್ರಿ ಅಂತರ್ಜಾಲದಿಂದ ಬಾಚಿಕೊಂಡ ಕೋಟಿಗಟ್ಟಲೆ ಚಿತ್ರಗಳು. ಡ್ರ್ಯಾಗನ್‌ಗಳನ್ನೂ ಕಾಳಗಗಳನ್ನೂ ಬರೆದು ಹೆಸರಾದ ಪೋಲೆಂಡಿನ ಗ್ರೆಗ್ ರುಟ್ಕೋವ್ಸ್ಕಿ ಅವರ ಹೆಸರನ್ನು ಜನ ಸುಮಾರು 93,000 ಬಾರಿ ಸೂಚನೆಯಾಗಿ ಬಳಸಿದ್ದರೆಂದು ಆ ವರ್ಷವೇ ವರದಿಯಾಯಿತು. ಅವರನ್ನು ಯಾರೂ ಕೇಳಿರಲಿಲ್ಲ. 2023ರ ಜನವರಿಯಲ್ಲಿ ಕಾರ್ಲಾ ಒರ್ಟಿಜ್ ಸೇರಿ ಮೂವರು ಕಲಾವಿದರು ಇಂಥ ಸಾಧನಗಳ ಕಂಪನಿಗಳ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ಹೂಡಿದರು. ಅದೇ ವರ್ಷದ ಆಗಸ್ಟಿನಲ್ಲಿ, ಪುಸ್ತಕವೊಂದರ ದೈತ್ಯರ ಚಿತ್ರಗಳಿಗೆ ಎಐ ಬಳಕೆಯಾದದ್ದು ಬಯಲಾದಾಗ, ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಪ್ರಕಾಶಕರು ಕಲಾವಿದರು ಇನ್ನು ಅದನ್ನು ಬಳಸಕೂಡದೆಂದರು.

2020ರ ಆ ಸಾಧನದ ಚಿತ್ರಗಳು ಇಂದಿನವುಗಳ ಮುಂದೆ ಒರಟು. ಆದರೂ ನನ್ನ ಮನಸ್ಸು ಅದರ ಕಡೆಗೇ. ಅದು ಕಲಿತದ್ದು ಅದಕ್ಕಾಗಿಯೇ ಕಲಾವಿದರು ಕಟ್ಟಿಕೊಟ್ಟ ಮಾದರಿಗಳಿಂದ. ಯಾರ ಜೀವಮಾನದ ಶೈಲಿಯನ್ನೂ ಕೇಳದೆ ಎತ್ತಿಕೊಂಡದ್ದಲ್ಲ.

2012ರಲ್ಲೇ ಅನಿಮೇಷನ್ ಮತ್ತು ಗೇಮಿಂಗ್‌ಗೆ ಪ್ರತ್ಯೇಕ ನೀತಿ ರೂಪಿಸಿದ ರಾಜ್ಯ ನಮ್ಮದು. ಇಲ್ಲಿರುವ ಕಾಲೇಜುಗಳ ಮುಂದೆ ನನ್ನದೊಂದು ಬೇಡಿಕೆ. ಮಕರ, ವ್ಯಾಳ, ಗಂಡಭೇರುಂಡಗಳ ಮಾದರಿಗಳನ್ನು ಶಿಲ್ಪ ಮತ್ತು ಅನಿಮೇಷನ್ ವಿದ್ಯಾರ್ಥಿಗಳು ಸೇರಿ ಕಟ್ಟಲಿ, ಅಂಗಾಂಗ ಗುರುತು ಹಾಕಲಿ; ಕಟ್ಟಿದವರ ಹೆಸರು ಪ್ರತಿಯೊಂದು ಕಡತದ ಮೇಲಿರಲಿ, ಕೂಲಿ ಅವರ ಕೈಗೆ ಸೇರಲಿ. ಆ ಸಂಗ್ರಹ ಯಾರ ಒಡೆತನದಲ್ಲಿರಬೇಕು, ಹೊರಗಿನ ಕಂಪನಿಗಳು ಯಾವ ಷರತ್ತಿನ ಮೇಲೆ ಅದನ್ನು ಬಳಸಬಹುದು ಎಂಬುದನ್ನು ಇಂದಿನ ಮೊದಲ ಗೋಷ್ಠಿಯಲ್ಲೇ ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.