ಚಕಮಕಿ ಕೋವಿಯ ಕೀಲು ಬಿಚ್ಚುವ ಮುನ್ನ



ಕೊಡಗಿನಲ್ಲಿ ನಾಟಿ ಕೆಲಸ ಮುಗಿಯಿತೆಂದರೆ ಕೈಲ್ ಮುಹೂರ್ತ ಬರುತ್ತದೆ. ಹೆಚ್ಚಾಗಿ ಸೆಪ್ಟೆಂಬರ್ 3ನೇ ತಾರೀಕು. ಕತ್ತಿ, ಒಡಿಕತ್ತಿಗಳ ಜೊತೆಗೆ ಕೋವಿಯನ್ನೂ ಒರೆಸಿ, ತೋಕ್ ಪೂ ಇಟ್ಟು ಪೂಜಿಸುವ ದಿನ ಅದು. ಮಲೆನಾಡಿನ ಬೇರೆ ಕಡೆಯೂ ಆಯುಧಪೂಜೆ ಬಂತೆಂದರೆ ಹಳೇ ಕೋವಿ ಅಟ್ಟದಿಂದ ಕೆಳಗಿಳಿಯುತ್ತದೆ. ತುಕ್ಕು ಕಂಡ ಕೂಡಲೇ ಮನೆಯ ಹುಡುಗರಿಗೆ ಉತ್ಸಾಹ. "ಅಜ್ಜನ ಕಾಲದ್ದು, ಅದರಲ್ಲಿ ಏನಿರ್ತದೆ ಬಿಡಿ" ಅಂತ ತಿರುಪುಳಿ ಹಿಡಿದು ಕೂತೇಬಿಡುತ್ತಾರೆ. ಆ ಮಾತೇ ಅಪಾಯದ ಮಾತು. ಅದಕ್ಕಾಗಿ ಇವತ್ತು, ಚಕಮಕಿ ಕೋವಿಯ ಕೀಲನ್ನು ಕ್ಷೇಮವಾಗಿ ಬಿಚ್ಚುವುದು ಹೇಗೆ ಅನ್ನೋದನ್ನ ಹೇಳುತ್ತೇನೆ.

ಚಕಮಕಿ ಕೋವಿ ಅಂದರೆ ಕಲ್ಲಿನ ಕಿಡಿಯಿಂದ ಹೊತ್ತುವ ಕೋವಿ. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ, ಎಂದರೆ 1799ರ ವರೆಗೆ, ತಯಾರಾದವು ಇವೇ. ಆ ಕೋವಿಗಳಲ್ಲಿ ಕೆಲವಕ್ಕೆ ಕುದುರೆಯನ್ನು ಹುಲಿಯ ಆಕಾರದಲ್ಲೇ ಮಾಡಿದ್ದರು. ಕುದುರೆ ಎಂದರೆ ಕಲ್ಲನ್ನು ಕಚ್ಚಿಕೊಂಡು ನಿಂತಿರುವ ಭಾಗ. ಟ್ರಿಗರ್ ಎಳೆದಾಗ ಅದು ಮುಂದಕ್ಕೆ ಬಿದ್ದು, ಎದುರಿನ ಉಕ್ಕಿನ ಮುಚ್ಚಳಕ್ಕೆ ಕಲ್ಲನ್ನು ತೀಡುತ್ತದೆ. ಮುಚ್ಚಳ ತೆರೆದು, ಕಿಡಿ ಕೆಳಗಿನ ಪುಟ್ಟ ಬಟ್ಟಲಿನಲ್ಲಿರುವ ರಂಜಕದ ಮೇಲೆ ಬೀಳುತ್ತದೆ. ಅಲ್ಲಿಂದ ನಳಿಗೆಯ ಕಿವಿಯ ಮೂಲಕ ಒಳಗಿನ ಮದ್ದಿಗೆ ಬೆಂಕಿ ತಾಗುತ್ತದೆ. ಮುಂದೆ ಹತ್ತೊಂಬತ್ತನೆಯ ಶತಮಾನದಲ್ಲಿ ಕೇಪಿನ ಕೋವಿ ಬಂತು. ಅದರಲ್ಲಿ ಕಲ್ಲೂ ಇಲ್ಲ, ಬಟ್ಟಲೂ ಇಲ್ಲ. ಆದರೆ ಒಳಗಿನ ಕೀಲು ಹೆಚ್ಚು ಕಡಿಮೆ ಒಂದೇ. ಆದ್ದರಿಂದ ಕೇಪಿನ ಕೋವಿ ಇರುವವರೂ ಗಮನ ಕೊಟ್ಟು ಕೇಳಿ.

ಈಗ ಮುಖ್ಯವಾದ ಮಾತು. ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಒಮ್ಮೆ ತುಂಬಿದರೆ ಖಾಲಿ ಮಾಡುವುದು ಸುಲಭವಲ್ಲ. ಹೊಡೆಯಬೇಕು, ಇಲ್ಲವೇ ತಿಳಿದವರು ಹದವಾಗಿ ಹೊರಗೆ ಎಳೆಯಬೇಕು. ಹಿಂದೆ ಹಂದಿ ಕಾಯಲು ರಾತ್ರಿ ತುಂಬಿದ ಕೋವಿ, ಹಂದಿ ಬಾರದೇ ಹೋದರೆ, ಹಾಗೆಯೇ ಗೋಡೆಗೆ ಏರುತ್ತಿತ್ತು. ತುಂಬಿದವರು ತೀರಿಕೊಂಡರು, ಮದ್ದು ಒಳಗೇ ಉಳಿಯಿತು. ನೂರು ಭಾಗ ಮದ್ದಿನಲ್ಲಿ ಸುಮಾರು 75 ಭಾಗ ಪೆಟ್ಲುಪ್ಪು, 15 ಭಾಗ ಇದ್ದಿಲು, 10 ಭಾಗ ಗಂಧಕ. ಇದು ಒಣಗಿದ್ದರೆ ನೂರು ವರ್ಷ ಕಳೆದರೂ ಸಾಯುವುದಿಲ್ಲ. ಅಮೆರಿಕದ ವರ್ಜೀನಿಯಾದಲ್ಲಿ 2008ರಲ್ಲಿ ಒಬ್ಬರು 1861–65ರ ಅಂತರ್ಯುದ್ಧದ ಕಾಲದ ತೋಪಿನ ಗುಂಡನ್ನು ಶುಚಿ ಮಾಡುತ್ತಿದ್ದಾಗ ಅದು ಸಿಡಿದು ಪ್ರಾಣ ಕಳೆದುಕೊಂಡರು. ಕೋವಿ ಮುದಿಯಾಗಬಹುದು, ಮದ್ದಿಗೆ ಮುಪ್ಪಿಲ್ಲ.

ಹಾಗಾದರೆ ತಿಳಿಯುವುದು ಹೇಗೆ? ಮೊದಲು ಮಕ್ಕಳನ್ನು ದೂರ ಕಳುಹಿಸಿ. ಒಲೆ, ದೀಪ, ಬೀಡಿ ಹತ್ತಿರ ಇರಬಾರದು. ನಳಿಗೆಯ ಬಾಯಿ ಜನ, ದನ, ಮನೆ ಇಲ್ಲದ ಕಡೆಗೆ ಇರಲಿ. ಟ್ರಿಗರ್ ಮುಟ್ಟಬೇಡಿ. ಉಕ್ಕಿನ ಮುಚ್ಚಳವನ್ನು ಮುಂದಕ್ಕೆ ತೆರೆದು, ಬಟ್ಟಲಿನಲ್ಲಿ ರಂಜಕವಿದ್ದರೆ ಕುಂಚದಿಂದ ಗುಡಿಸಿ ತೆಗೆಯಿರಿ. ಕುದುರೆಯ ಮೇಲಿನ ತಿರುಪು ಸಡಿಲಿಸಿ ಕಲ್ಲನ್ನು ಬಿಡಿಸಿ. ಕೇಪಿನ ಕೋವಿಯಾದರೆ ಕೇಪನ್ನು ತೆಗೆಯಿರಿ.

ಆಮೇಲೆ ಮರದ ತೆಳು ಕೋಲೊಂದನ್ನು ನಳಿಗೆಯೊಳಗೆ ಮೆಲ್ಲಗೆ, ಬೆರಳ ತುದಿಯಲ್ಲಿ ಹಿಡಿದು ಬಿಡಿ. ಜಡಿಯಬೇಡಿ. ಮುಖವಾಗಲಿ ಅಂಗೈಯಾಗಲಿ ನಳಿಗೆಯ ಬಾಯಿಗೆ ಎದುರಾಗಬಾರದು. ಕೋಲು ತಳ ಮುಟ್ಟಿದಾಗ ಬಾಯಿಯ ಅಂಚಿಗೆ ಸರಿಯಾಗಿ ಗುರುತು ಹಾಕಿ, ಹೊರತೆಗೆದು, ಆ ಗುರುತು ಬಾಯಿಯ ಅಂಚಿಗೇ ಬರುವಂತೆ ನಳಿಗೆಯ ಪಕ್ಕದಲ್ಲಿ ಉದ್ದಕ್ಕೆ ಇಟ್ಟು ನೋಡಿ. ಕೋಲಿನ ತುದಿ ಕಿವಿಯ ಹತ್ತಿರಕ್ಕೆ ಬಂದರೆ ನಳಿಗೆ ಖಾಲಿ. ಎರಡು ಬೆರಳಷ್ಟು ಮೊದಲೇ ನಿಂತರೂ ಒಳಗೆ ಏನೋ ಇದೆ ಎಂದೇ ತಿಳಿಯಿರಿ. ಆಗ ಕೆಲಸ ಅಲ್ಲಿಗೇ ನಿಲ್ಲಿಸಿ. ಕಡ್ಡಿ ಹಾಕಿ ಕೆದಕುವುದು, ಬಿಸಿ ಮಾಡುವುದು, ಹೊಡೆದು ನೋಡುವುದು ಖಂಡಿತ ಬೇಡ. ನೀರು ಹೊಯ್ದರೆ ಸಾಕು ಅಂತಲೂ ನಂಬಬೇಡಿ. ನೆನೆದ ಮದ್ದು ಒಣಗಿದ ಮೇಲೆ ಮತ್ತೆ ಹೊತ್ತಬಲ್ಲದು. ಕೋವಿಯನ್ನು ಇದ್ದಲ್ಲೇ ಬಿಟ್ಟು, ಪರವಾನಗಿ ಇರುವ ಕೋವಿ ರಿಪೇರಿಯವರಿಗೋ ಪೊಲೀಸ್ ಠಾಣೆಗೋ ತಿಳಿಸಿ.

ನಳಿಗೆ ಖಾಲಿ ಎಂದು ಖಾತ್ರಿಯಾದ ಮೇಲೆ ಕೀಲಿನ ಕೆಲಸ. ಕುದುರೆಯನ್ನು ಹಿಂದಕ್ಕೆಳೆದರೆ ಎರಡು ಕಡೆ 'ಟಕ್' ಎಂದು ನಿಲ್ಲುತ್ತದೆ. ಮೊದಲನೆಯದು ಅರ್ಧ ಕಚ್ಚು, ಎರಡನೆಯದು ಪೂರ್ತಿ ಕಚ್ಚು. ಅರ್ಧ ಕಚ್ಚಿನಲ್ಲಿ ನಿಲ್ಲಿಸಿ. ಕೀಲನ್ನು ಹಿಡಿದಿರುವ ತಿರುಪುಗಳು ಸಾಮಾನ್ಯವಾಗಿ ಎರಡು. ಅವುಗಳ ತಲೆ ಎದುರು ಪಕ್ಕದಲ್ಲಿರುತ್ತದೆ. ತಿರುಪುಳಿಯ ಬಾಯಿ ತಿರುಪಿನ ಸೀಳಿಗೆ ಸರಿಯಾಗಿ ಕೂರಬೇಕು. ಪೂರ್ತಿ ತೆಗೆಯದೆ ಕೆಲವು ಸುತ್ತು ಸಡಿಲಿಸಿ, ತಲೆಯ ಮೇಲೆ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ. ಕೀಲಿನ ತಗಡು ತಾನಾಗಿ ಮೇಲೇಳುತ್ತದೆ. ತಿರುಪುಳಿ ತೂರಿಸಿ ಮೀಟಿದಿರೋ, ಹಳೇ ಮರ ಸೀಳಿಹೋಗುತ್ತದೆ.

ಹೆಚ್ಚಿನವರಿಗೆ ಇಷ್ಟೇ ಸಾಕು. ಹೊರಬಂದ ಕೀಲನ್ನು ಹಾಗೆಯೇ ಶುಚಿ ಮಾಡಬಹುದು. ಒಳಭಾಗ ಬಿಚ್ಚಲೇಬೇಕಾದರೆ ಎರಡನೆಯ ಅಪಾಯ ಕಾದಿದೆ. ಅದು ದೊಡ್ಡ ಸ್ಪ್ರಿಂಗು. ಮಡಿಸಿದ ಉಕ್ಕಿನ ಪಟ್ಟಿ. ತಪ್ಪಿ ಜಾರಿದರೆ ಬೆರಳು ಸೀಳುತ್ತದೆ, ಕಣ್ಣು ಹೋಗುತ್ತದೆ. ಸ್ಪ್ರಿಂಗ್ ಹಿಡಿಯುವ ತಿರುಪಿನ ಇಕ್ಕಳವಿಲ್ಲದೆ ಇದಕ್ಕೆ ಕೈ ಹಾಕಬೇಡಿ. ಕುದುರೆಯನ್ನು ಪೂರ್ತಿ ಕಚ್ಚಿಗೆ ಎತ್ತಿ, ಇಕ್ಕಳವನ್ನು ಸ್ಪ್ರಿಂಗಿಗೆ ತೊಡಿಸಿ, ಅಲುಗದಷ್ಟು ಮಾತ್ರ ಬಿಗಿಮಾಡಿ. ಹೆಬ್ಬೆರಳಿನಲ್ಲಿ ಕುದುರೆಯನ್ನು ಗಟ್ಟಿಯಾಗಿ ಹಿಡಿದು, ಕಚ್ಚಿಗೆ ತಡೆಯಾಗಿರುವ ನಾಲಗೆಯನ್ನು ಒತ್ತಿ, ಕುದುರೆಯನ್ನು ನಿಧಾನವಾಗಿ ಕೆಳಗಿಳಿಸಿ. ಈಗ ಸ್ಪ್ರಿಂಗಿನ ಬಲವೆಲ್ಲ ಇಕ್ಕಳದೊಳಗೆ ಉಳಿಯುತ್ತದೆ, ಎತ್ತಿ ಪಕ್ಕಕ್ಕಿಡಿ. ತಿರುಪಿನಿಂದ ಕೂರಿಸಿದ್ದರೆ ಮೊದಲು ಆ ತಿರುಪು ತೆಗೆಯಿರಿ.

ಆಮೇಲೆ ಕ್ರಮವಾಗಿ ನಾಲಗೆಯ ಸಣ್ಣ ಸ್ಪ್ರಿಂಗು, ನಾಲಗೆ, ಮೇಲೆ ಅಡ್ಡಲಾಗಿರುವ ಪಟ್ಟಿ. ಕೊನೆಗೆ ಕುದುರೆ ಮತ್ತು ಕಚ್ಚುಗಳಿರುವ ತಿರುಗುವ ತುಂಡು. ಉಕ್ಕಿನ ಮುಚ್ಚಳದ ಸ್ಪ್ರಿಂಗಿಗೂ ಇಕ್ಕಳ ಬೇಕು. ತಿರುಪುಗಳು ನೋಡಲು ಒಂದೇ ಥರ, ಅಳತೆ ಬೇರೆ ಬೇರೆ. ಅಡಿಕೆ ಹಾಳೆಯ ತಟ್ಟೆಯಲ್ಲಿ ತೆಗೆದ ಕ್ರಮದಲ್ಲೇ ಸಾಲಾಗಿ ಇಡಿ. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಕಳೆದುಹೋದ ತಿರುಪು ಸಂತೆಯಲ್ಲಿ ಸಿಗುವುದಿಲ್ಲ.

ಸುಟ್ಟ ಮದ್ದಿನ ಮಸಿ ತೇವ ಹೀರಿ ತುಕ್ಕು ಹಿಡಿಸುತ್ತದೆ. ಬಿಸಿನೀರಿನಲ್ಲಿ ತೊಳೆದರೆ ಅದು ಕರಗುತ್ತದೆ. ಪೂರ್ತಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ಒಂದೊಂದು ಹನಿ ಹಾಕಿ. ಕೊಬ್ಬರಿ ಎಣ್ಣೆ ಬೇಡ. ಬರಬರುತ್ತಾ ಅಂಟಾಗಿ ಕೀಲು ಕಚ್ಚಿಕೊಳ್ಳುತ್ತದೆ. ಕಚ್ಚುಗಳಿಗೆ ಅರ, ಉಪ್ಪುಕಾಗದ ತಾಗಿಸಲೇಬಾರದು. ಕೂದಲೆಳೆಯಷ್ಟು ಸವೆದರೂ ಕುದುರೆ ತಾನಾಗಿ ಬೀಳುವ ಕೋವಿಯಾದೀತು. ಜೋಡಿಸುವಾಗ ಕೊನೆಯಲ್ಲಿ ತೆಗೆದದ್ದು ಮೊದಲು. ಕೀಲನ್ನು ಮರದಲ್ಲಿ ಕೂರಿಸಿದ ಮೇಲೆ, ಕಲ್ಲು ಹಾಕುವ ಮೊದಲೇ, ಅರ್ಧ ಕಚ್ಚಿಗೆ ನಿಲ್ಲಿಸಿ ಟ್ರಿಗರ್ ಗಟ್ಟಿಯಾಗಿ ಎಳೆದು ನೋಡಿ. ಕುದುರೆ ಬೀಳಬಾರದು. ಬಿದ್ದರೆ ಆ ಕೋವಿ ಗೋಡೆಗೆ ಮಾತ್ರ, ಕೈಗಲ್ಲ.

ಕಾನೂನಿನ ಒಂದು ಮಾತು. 1959ರ ಆಯುಧ ಕಾಯಿದೆಯಂತೆ ಕೋವಿ ಇಟ್ಟುಕೊಳ್ಳಲು ಪರವಾನಗಿ ಬೇಕು. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು 2019ರಲ್ಲಿ, 2029ರ ಅಕ್ಟೋಬರ್ 31ರ ವರೆಗೆ ಮುಂದುವರಿಸಲಾಗಿದೆ. ಅಟ್ಟದಲ್ಲಿ ಕಾಗದಪತ್ರವಿಲ್ಲದ ಕೋವಿ ಸಿಕ್ಕರೆ ಬಿಚ್ಚಲು ಹೋಗದೆ ಠಾಣೆಗೆ ತಿಳಿಸುವುದೇ ಸರಿ. ಹಳೆಯ ಮುದ್ರೆ, ಅಕ್ಷರ, ಹುಲಿಯ ಗುರುತು ಕಂಡರಂತೂ ಉಜ್ಜಿ ಅಳಿಸಬೇಡಿ. ಅದು ಇತಿಹಾಸದ ಸಾಕ್ಷಿ.

ತಾಯಂದಿರೇ, ಅಟ್ಟ ಗುಡಿಸುವಾಗ ಕೋವಿ ಮೊದಲು ಸಿಗುವುದು ನಿಮ್ಮ ಕೈಗೇ. ಅದನ್ನು ಮಕ್ಕಳ ಕೈಗೆ ಕೊಟ್ಟು ಇಳಿಸಬೇಡಿ. ಕೋಲು ಹಾಕಿ ಅಳೆಯುವವರೆಗೆ ಪ್ರತಿ ಕೋವಿಯೂ ತುಂಬಿದ ಕೋವಿಯೇ. ಪೂಜೆಯ ದಿನ ಮನೆಯವರೆಲ್ಲ ಸುಖವಾಗಿ ಪಂಕ್ತಿಯಲ್ಲಿ ಕೂತು ಊಟ ಮಾಡುವಂತಾಗಲಿ.